ಕವಿಶಿಕ್ಷೆಯೂ ಕಾವ್ಯಗೋಷ್ಠಿಯೂ

ಕಳೆದ ಮಾಘಮಾಸದಿಂದ ಮೊದಲ್ಗೊಂಡು ನಮ್ಮ ಊರಿನ ಗ್ರಂಥಾಲಯದ ಮೇಲಂತಸ್ತಿನಲ್ಲಿ ಬರಹಗಾರರ ಬಳಗವೊಂದು ಪ್ರತಿ ಭಾನುವಾರವೂ ಕಥೆ ಕವಿತೆಗಳ ತರಗತಿಯನ್ನು ನಡೆಯಿಸುತ್ತಿರುವುದು ಈ ಪತ್ರಿಕೆಯ ವಾಚಕರಲ್ಲಿ ಅನೇಕರಿಗೆ ವಿದಿತವಾಗಿಯೇ ಇದೆ. ಹನ್ನೆರಡು ಭಾನುವಾರಗಳಿಗೆ ಒಂದು ತರಗತಿ ಮುಗಿಯುತ್ತದೆ. ಹುಣ್ಣಿಮೆಯ ಸಂಜೆ ಗೋಷ್ಠಿ ಸೇರುತ್ತದೆ. ವರ್ಷಕ್ಕೊಮ್ಮೆ ಎರಡು ದಿನಗಳ ಕಮ್ಮಟ ಜರುಗುತ್ತದೆ. ಇವುಗಳ ಗುಣದೋಷಗಳನ್ನು ಕುರಿತು ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಹಾಶಯರು ಆಜ್ಞಾಪಿಸಿದಾಗ ನಾನು ಸ್ವಲ್ಪ ಹಿಂಜರಿದೆನು. ಅಚ್ಚಾದ ಗ್ರಂಥವನ್ನು ವಿಮರ್ಶಿಸುವುದು ಒಂದು ಬಗೆ. ಗ್ರಂಥಗಳಿನ್ನೂ ಹುಟ್ಟಬೇಕಾದ ಮನೆಯೊಳಗೆ ಕಾಲಿಟ್ಟು ಅಲ್ಲಿನವರ ನಡೆನುಡಿಗಳನ್ನು ಪರೀಕ್ಷಿಸುವುದು ಮತ್ತೊಂದು ಬಗೆ. ಬಾಣಂತಿಯ ಕೋಣೆಯ ಬಾಗಿಲಲ್ಲಿ ಗಂಡಸರು ನಿಲ್ಲುವ ಸಂಕೋಚ ಇದರಲ್ಲಿಯೂ ಇದೆ. ಆದರೂ ಒಂದು ತರಗತಿಯನ್ನು ಆದ್ಯಂತವಾಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೇನೆ; ಎರಡು ಭಾನುವಾರ ಛಂದಸ್ಸನ್ನು ಹೇಳಿಕೊಟ್ಟೂ ಇದ್ದೇನೆ. ಅಷ್ಟರ ಮಟ್ಟಿನ ಅಧಿಕಾರ ನನಗುಂಟೆಂದು ಭಾವಿಸಿ ಬರೆಯುತ್ತೇನೆ.

ಕವಿತ್ವವನ್ನು ಕಲಿಸಲಾದೀತೇ ಎಂದು ಮೂಗು ಮುರಿಯುವವರು ನಮ್ಮ ಊರಿನಲ್ಲಿ ಕಡಮೆಯೇನಿಲ್ಲ. ಅವರಿಗೆ ಬಳಗದವರು ಉತ್ತರ ಹೇಳಬೇಕಾದ ಅಗತ್ಯವಿಲ್ಲ. ನಮ್ಮ ಪ್ರಾಚೀನರು ಸಾವಿರ ವರ್ಷಗಳ ಹಿಂದೆಯೇ ಹೇಳಿಟ್ಟಿದ್ದಾರೆ. ಕಾವ್ಯಮೀಮಾಂಸೆಯನ್ನು ಬರೆದ ರಾಜಶೇಖರನು ಕಾರಯಿತ್ರಿಯೆಂಬ ಪ್ರತಿಭೆಯನ್ನು ಸಹಜ, ಆಹಾರ್ಯ, ಔಪದೇಶಿಕಿ ಎಂದು ಮೂರಾಗಿ ವಿಂಗಡಿಸಿದನು. ಮೂರನೆಯದು ಉಪದೇಶದಿಂದ, ಎಂದರೆ ಗುರುವು ಹೇಳಿಕೊಟ್ಟುದರಿಂದ, ಬರತಕ್ಕದ್ದು. ಕಾಶ್ಮೀರದ ಕ್ಷೇಮೇಂದ್ರನಂತೂ ಹನ್ನೊಂದನೆಯ ಶತಮಾನದಲ್ಲಿ ಕವಿಕಂಠಾಭರಣವೆಂಬ ಚಿಕ್ಕ ಪುಸ್ತಕವನ್ನೇ ರಚಿಸಿ, ಅದರ ಐದು ಸಂಧಿಗಳಲ್ಲಿ ಮೊದಲನೆಯದನ್ನು ಕವಿಯಲ್ಲದವನಿಗೆ ಕವಿತ್ವವುಂಟಾಗುವ ಉಪಾಯಕ್ಕೆ ಮೀಸಲಿಟ್ಟನು. ಅಲ್ಪ ಪ್ರಯತ್ನದಿಂದ ಸಾಧ್ಯನಾದವನು, ಕಷ್ಟಸಾಧ್ಯನು, ಅಸಾಧ್ಯನು ಎಂದು ಶಿಷ್ಯರಲ್ಲಿ ಅವನು ಮೂರು ತರವನ್ನು ಕಾಣುತ್ತಾನೆ. ಈ ಮೂರನೆಯ ಗುಂಪಿನಲ್ಲಿ ಕಲ್ಲೆದೆಯವರೊಡನೆ, ವ್ಯಾಕರಣದಿಂದ ಕೆಟ್ಟವರನ್ನೂ ತರ್ಕದ ಬೆಂಕಿಯಲ್ಲಿ ಬೆಂದವರನ್ನೂ ಸೇರಿಸಿದ್ದಾನೆ. ಪಾಠಶಾಲೆಯಲ್ಲಿ ಸಿದ್ಧಾಂತಕೌಮುದಿಯನ್ನು ಉರು ಹೊಡೆದ ನಾನು ಆ ಪಂಕ್ತಿಯನ್ನು ಓದುವಾಗಲೆಲ್ಲ ಆಚಾರ್ಯನು ನನ್ನ ಮುಖವನ್ನೇ ನೋಡುತ್ತಿರುವನೆಂದು ತೋರುತ್ತದೆ.

ಕನ್ನಡದ ಮಾತಿಗೆ ಬಂದರೆ, ನಮಗೆ ದೊರೆತಿರುವ ಮೊದಲ ಗ್ರಂಥವೇ ಒಂದು ಶಿಕ್ಷಣಗ್ರಂಥ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಓದು ಬರಹಗಳ ಕಟ್ಟುಪಾಡಿಲ್ಲದೆಯೇ ಈ ನಾಡಿನ ಜನ ಕಾವ್ಯದಲ್ಲಿ ನುರಿತವರೆಂದು ಕೊಂಡಾಡುತ್ತದೆ. ಕೊಂಡಾಡಿ ಸುಮ್ಮನಾಗುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ದೋಷಯುಕ್ತವಾದ ಪದ್ಯವನ್ನು ಮೊದಲು ಮುಂದಿಟ್ಟು, ಬಳಿಕ ಅದನ್ನೇ ತಿದ್ದಿ ತೋರಿಸುವುದು ಅದರ ಕ್ರಮ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದುವವನಿಗೆ ತಿದ್ದುಪಡಿ ಏಕೆ ಬೇಕಾಯಿತೆಂದು ತಾನಾಗಿಯೇ ಹೊಳೆಯುತ್ತದೆ. ಈ ಕ್ರಮದ ಪ್ರಸ್ತಾವ ಮುಂದೆ ಮತ್ತೆ ಬರುವುದು.

ಇನ್ನು ನಮ್ಮ ಬಳಗದ ತರಗತಿ. ಮೊದಲು ಗುಣವನ್ನೇ ಹೇಳಬೇಕು. ಸೇರಿದವರು ಇಪ್ಪತ್ತಕ್ಕೆ ಮೇಲ್ಪಟ್ಟು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು. ಸಂಸ್ಕಾರವು ಆತ್ಮಕ್ಕೆ ಸೇರಿದ್ದು, ಅದು ಹೆಣ್ಣು ಗಂಡೆಂಬ ಭೇದವನ್ನು ಕಾಣದು, ಆದುದರಿಂದ ಪುರುಷರಂತೆ ಸ್ತ್ರೀಯರೂ ಕವಿಗಳಾಗಬಲ್ಲರೆಂದು ರಾಜಶೇಖರನು ಹೇಳಿದನು. ಹೇಳಿದ್ದಲ್ಲದೆ ಅವಂತಿಸುಂದರಿಯೆಂಬ ತನ್ನ ಪತ್ನಿಯ ಮತವನ್ನು ಶಾಸ್ತ್ರದ ಚರ್ಚೆಯಲ್ಲಿ ಹೆಸರೆತ್ತಿ ಉದಾಹರಿಸಿದನು. ನಮ್ಮ ಊರಿನಲ್ಲಿ ಆ ಮಾತು ಭಾನುವಾರದ ಮಧ್ಯಾಹ್ನ, ಮನೆಯ ಅಡಿಗೆ ಮುಗಿದ ಮೇಲೆ, ಕಾರ್ಯರೂಪಕ್ಕೆ ಬರುತ್ತಿರುವುದನ್ನು ಕಂಡು ನನಗೆ ಸಂತೋಷವಾಯಿತು. ಶುಲ್ಕವೂ ಅಲ್ಪ. ಜಾತಿ, ವಯಸ್ಸು, ವಿದ್ಯೆ ಯಾವುದನ್ನೂ ಬಾಗಿಲಲ್ಲಿ ಕೇಳುವುದಿಲ್ಲ.

ಛಂದಸ್ಸಿನ ಪಾಠಕ್ಕೆ ಹೋಗುವಾಗ ನನಗೆ ಭಯವಿತ್ತು. ಗಣ, ಗುರು, ಲಘು ಎಂದೊಡನೆ ಈ ಕಾಲದವರು ಎದ್ದು ಹೋಗುವರೆಂದು ಎಣಿಸಿದ್ದೆನು. ಕ್ಷೇಮೇಂದ್ರನು ಹೊಸಬರಿಗೆ ಹೇಳುವ ಒಂದು ಉಪಾಯವನ್ನು ಹಿಡಿದೆನು: ಅರ್ಥವನ್ನು ಬದಿಗಿಟ್ಟು ಬರಿಯ ಪದಗಳನ್ನು ವೃತ್ತದ ಅಚ್ಚಿಗೆ ತುಂಬುವ ಅಭ್ಯಾಸವದು. ಭಾಮಿನೀ ಷಟ್ಪದಿಯ ಮೊದಲ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳು. ಮೇಜಿನ ಮೇಲೆ ಕೈತಟ್ಟಿ ತೋರಿಸಿದೆನು. ಸಂತೆಯಲ್ಲಿ ತರಕಾರಿ ಮಾರುವ ತರುಣನೊಬ್ಬನು ಎರಡನೆಯ ಸಾಲಿನಿಂದಲೇ “ಸೊಪ್ಪು ಬದನೆಯ ತೊಂಡೆ ಹೀರೆಯು” ಎಂದನು. ಎಣಿಸಿ ನೋಡಿದರೆ ಹದಿನಾಲ್ಕು! ಪ್ರಾಸವೆಂದರೇನೆಂದು ವಿವರಿಸಿ ಬಾಯಿ ಮುಚ್ಚುವುದರೊಳಗೆ “ಉಪ್ಪು ಮೆಣಸಿನ ಕಾಯಿ ಬೆಲ್ಲವು” ಎಂದು ಎರಡನೆಯ ಸಾಲನ್ನೂ ಕಟ್ಟಿದನು. ಎಲ್ಲರೂ ನಕ್ಕರು, ಆದರೆ ಆ ನಗೆಯಲ್ಲಿ ಹದಿನೈದು ಮಂದಿಗೆ ಷಟ್ಪದಿಯ ನಡಿಗೆ ಕಿವಿಗೆ ಹತ್ತಿತು. ಆರು ಸಾಲುಗಳಿಗೆ ಒಟ್ಟು 102 ಮಾತ್ರೆಗಳೆಂದು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ನಾನು ಸಾಧಿಸಲಾರದುದನ್ನು ಅವನ ತಕ್ಕಡಿ ಒಂದು ಗಳಿಗೆಯಲ್ಲಿ ಸಾಧಿಸಿತು.

ಈಗ ದೋಷ. ಹನ್ನೆರಡು ವಾರಗಳಲ್ಲಿ ಹನ್ನೆರಡು ಬಾರಿ ಬರೆಯಿಸಿದರು. ಒಂದು ಬಾರಿಯೂ ಓದಿಸಲಿಲ್ಲ. ಒಂದು ಚಿತ್ರವನ್ನು ತೋರಿಸಿ ಬರೆಯಿರಿ, ಒಂದು ಶಬ್ದವನ್ನು ಕೊಟ್ಟು ಬರೆಯಿರಿ, ಕಣ್ಣು ಮುಚ್ಚಿ ಬಾಲ್ಯವನ್ನು ನೆನೆದು ಬರೆಯಿರಿ ಎಂಬುದೇ ಪಾಠ. ಇಂಥ ಅಭ್ಯಾಸಗಳು ಕೆಟ್ಟವಲ್ಲ. ಆದರೆ ಕೆರೆಗೆ ನೀರು ಬರುವ ಕಾಲುವೆಯನ್ನೇ ತೋಡದೆ ತೂಬನ್ನು ಮಾತ್ರ ಎತ್ತಿದರೆ ಎಷ್ಟು ದಿನ ಹರಿದೀತು? ಕ್ಷೇಮೇಂದ್ರನು ಕವಿಯಾಗಬೇಕೆನ್ನುವವನಿಗೆ ನೂರು ಶಿಕ್ಷೆಗಳನ್ನು ಪಟ್ಟಿಮಾಡಿದ್ದಾನೆ. ನಾಟಕವನ್ನು ನೋಡುವುದು, ಲೋಕದ ಆಚಾರವನ್ನು ತಿಳಿಯುವುದು, ದುಃಖಿತರ ಪ್ರಲಾಪವನ್ನು ಕೇಳುವುದು, ಶ್ಮಶಾನ ಅರಣ್ಯಗಳನ್ನು ಕಾಣುವುದು ಇವೆಲ್ಲ ಅದರೊಳಗಿವೆ. ನೋಡು, ಕೇಳು, ತಿಳಿ ಎನ್ನುವ ಭಾಗ ಅದರಲ್ಲಿ ಎಷ್ಟು ದೊಡ್ಡದು! ಪಂಪನ ಒಂದು ಪದ್ಯವನ್ನೋ, ಮಾಸ್ತಿಯವರ ಒಂದು ಕಥೆಯನ್ನೋ ಗಟ್ಟಿಯಾಗಿ ಓದಿ ಕೇಳಿಸಲು ಹನ್ನೆರಡು ವಾರಗಳಲ್ಲಿ ಅರ್ಧ ಗಂಟೆ ದೊರೆಯಲಿಲ್ಲವೆಂದರೆ ಅದನ್ನು ಲೋಪವೆನ್ನದೆ ವಿಧಿಯಿಲ್ಲ.

ಎರಡನೆಯ ದೋಷ ಇದಕ್ಕಿಂತ ಗಹನವಾದುದು. ಅದನ್ನು ಹೇಳಬೇಕಾದರೆ ಒಂದು ವಾಕ್ಯವನ್ನು ವಾಚಕರ ಮುಂದಿಡಬೇಕು. ತರಗತಿಗೆ ಬರುವ ಗೃಹಿಣಿಯೊಬ್ಬರು ತಮ್ಮ ಅತ್ತೆಯವರ ಮರಣವನ್ನು ಕುರಿತು ಎರಡು ಪುಟ ಬರೆದು ತಂದಿದ್ದರು. ಅವರ ಒಪ್ಪಿಗೆ ಪಡೆದೇ ಇಲ್ಲಿ ಉದಾಹರಿಸುತ್ತಿದ್ದೇನೆ. “ಅತ್ತೆ ಹೋದ ಮೇಲೆ ಮೂರು ದಿನ ನಾನು ಅವರ ಲೋಟಕ್ಕೂ ಕಾಫಿ ಬಗ್ಗಿಸಿದೆ” ಎಂದು ಅದರಲ್ಲೊಂದು ವಾಕ್ಯವಿತ್ತು. ಮಾರ್ಗದರ್ಶಕರು ಅದರ ಕೆಳಗೆ ಗೆರೆಯೆಳೆದು, ಇದು ಬರಿಯ ಮನೆಮಾತಾಯಿತು, ಸಾಹಿತ್ಯಕ್ಕೆ ತಕ್ಕ ಗಾಂಭೀರ್ಯ ಬರಲೆಂದು ಹೇಳಿ, “ಅತ್ತೆಯವರ ಅಗಲಿಕೆಯು ನನ್ನ ಅಂತರಂಗದಲ್ಲಿ ತುಂಬಲಾರದ ಶೂನ್ಯವನ್ನು ಉಂಟುಮಾಡಿತು” ಎಂದು ತಿದ್ದಿದರು. ಆಕೆ ತಲೆಯಾಡಿಸಿ ಬರೆದುಕೊಂಡರು.

ರಸವನ್ನಾಗಲಿ ಭಾವವನ್ನಾಗಲಿ ಅದರದರ ಹೆಸರಿನಿಂದಲೇ ಹೇಳಿಬಿಡುವುದು ದೋಷವೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಎಣಿಸಿದ್ದಾನೆ. ಸ್ವಶಬ್ದವಾಚ್ಯತೆಯೆಂದು ಅದಕ್ಕೆ ಹೆಸರು. ಶೋಕವೆಂದು ಹೇಳಿದ ಮಾತ್ರಕ್ಕೆ ಶೋಕ ಹುಟ್ಟದು. ಅದು ಹುಟ್ಟಬೇಕಾದರೆ ವಿಭಾವ ಅನುಭಾವಗಳು ಕಣ್ಣ ಮುಂದೆ ನಿಲ್ಲಬೇಕು. ಇಲ್ಲಿ ಆ ಲೋಟವೇ ವಿಭಾವ; ಅಭ್ಯಾಸಬಲದಿಂದ ಮುಂದಕ್ಕೆ ಹೋದ ಕೈಯೇ ಅನುಭಾವ. ಮೂರು ದಿನ ಎಂಬ ಮಾತಿನಲ್ಲಿ ಎಷ್ಟು ಅರ್ಥವಿದೆ ನೋಡಿರಿ. ಒಂದು ದಿನವೆಂದಿದ್ದರೆ ಮರೆವಾಗುತ್ತಿತ್ತು; ಒಂದು ತಿಂಗಳೆಂದಿದ್ದರೆ ಅತಿಶಯೋಕ್ತಿಯಾಗುತ್ತಿತ್ತು. ನಾಲ್ಕನೆಯ ದಿನ ಏನಾಯಿತೆಂದು ಆಕೆ ಹೇಳಿಲ್ಲ. ಆ ಹೇಳದ ನಾಲ್ಕನೆಯ ದಿನವೇ ಧ್ವನಿ. “ಲೋಟಕ್ಕೂ” ಎಂಬಲ್ಲಿನ ಊಕಾರ ಮನೆಯ ಉಳಿದ ಲೋಟಗಳನ್ನೆಲ್ಲ ಎದುರಿಗೆ ತಂದು ನಿಲ್ಲಿಸುತ್ತದೆ. ತಿದ್ದಿದ ವಾಕ್ಯದಲ್ಲಿ ಅತ್ತೆಯಿಲ್ಲ, ಸೊಸೆಯಿಲ್ಲ, ಮನೆಯಿಲ್ಲ. ಶೂನ್ಯವೆಂಬ ಶಬ್ದ ಮಾತ್ರ ಸಾರ್ಥಕವಾಗಿದೆ. ಯಾರು ಸತ್ತರೂ, ಯಾರು ಬರೆದರೂ ಅದೇ ವಾಕ್ಯ ಸಲ್ಲುತ್ತದೆ. ಸಂತಾಪಸೂಚಕ ಸಭೆಗಳಲ್ಲಿ ಪ್ರತಿದಿನವೂ ಸಲ್ಲುತ್ತಲೂ ಇದೆ.

ತರಗತಿ ಮುಗಿದ ಮೇಲೆ ಮಾರ್ಗದರ್ಶಕರನ್ನು ಮೆಟ್ಟಿಲ ಬಳಿ ನಿಲ್ಲಿಸಿ ಇಷ್ಟನ್ನೂ ಹೇಳಿದೆನು. ಸ್ವರ ಸ್ವಲ್ಪ ಏರಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅವರು ನನ್ನ ಹಳೆಯ ಶಿಷ್ಯರೇ. ಸಮಾಧಾನವಾಗಿ ಕೇಳಿದರು. ಬಳಿಕ, “ಮೇಷ್ಟ್ರೇ, ತಾವು ಹೇಳುವುದು ಸರಿಯೇ ಇರಬಹುದು. ಆದರೆ ತುಂಬಲಾರದ ಶೂನ್ಯ ಎಂಬುದನ್ನು ಹತ್ತನೆಯ ತರಗತಿಯ ಪ್ರಬಂಧದ ವಹಿಯಲ್ಲಿ ನಮಗೆ ಬರೆಯಿಸಿದವರು ತಾವೇ. ನನ್ನ ಅಜ್ಜಿಯ ವಿಷಯ ಬರೆದಾಗ ಅವಳ ಎಲೆಯಡಿಕೆ ಚೀಲದ ಮಾತನ್ನು ಹೊಡೆದುಹಾಕಿ, ಅಂಚಿನಲ್ಲಿ ಗ್ರಾಮ್ಯ ಎಂದು ಕೆಂಪು ಮಸಿಯಲ್ಲಿ ಬರೆದಿದ್ದಿರಿ” ಎಂದರು.

ನನಗೆ ಆ ವಹಿಯ ನೆನಪಿಲ್ಲ. ಆದರೆ ಸುಳ್ಳೆನ್ನಲು ಬಾಯಿ ಬರಲಿಲ್ಲ; ಏಕೆಂದರೆ ಆ ಕಾಲದಲ್ಲಿ ಗ್ರಾಮ್ಯ ಎಂಬ ಶಬ್ದವನ್ನು ನಾನು ದಿನಕ್ಕೆ ಹತ್ತು ಬಾರಿಯಾದರೂ ಬರೆಯುತ್ತಿದ್ದೆನು. ಗ್ರಾಮ್ಯತೆ ಅಲಂಕಾರಶಾಸ್ತ್ರದಲ್ಲಿ ಹೇಳಿದ ದೋಷವೇ ಹೌದು. ಎಲೆಯಡಿಕೆ ಚೀಲ ಗ್ರಾಮ್ಯವಲ್ಲವೆಂಬುದನ್ನು ಕಾಣುವ ವಿವೇಕ ಶಾಸ್ತ್ರವನ್ನು ಓದಿದವನಿಗೆ ಇರಬೇಕಾಗಿತ್ತು. ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವಾಗ ಅಂಕ ಕೊಡುವುದಕ್ಕೆ ಅನುಕೂಲವಾದ ಭಾಷೆ ಒಂದು ಬೇಕು. ಆ ಭಾಷೆಯನ್ನು ನನ್ನಂಥವರು ಹಂಚಿದೆವು. ಅದನ್ನೇ ಸಾಹಿತ್ಯವೆಂದು ನಂಬಿದವರು ಈಗ ಮುಂದಿನವರಿಗೆ ಹಂಚುತ್ತಿದ್ದಾರೆ. ಆದಕಾರಣ ಈ ದೋಷವನ್ನು ಬಳಗದ ತಲೆಯ ಮೇಲೆ ಹೊರಿಸಿ ನಾನು ಕೈತೊಳೆದುಕೊಳ್ಳುವಂತಿಲ್ಲ. ಉಪಾಯವನ್ನು ಮಾತ್ರ ಸೂಚಿಸಬಲ್ಲೆನು. ತಿದ್ದುವಾಗ ಕವಿರಾಜಮಾರ್ಗದ ಕ್ರಮವನ್ನು ಅನುಸರಿಸಿ, ಮೊದಲಿನ ವಾಕ್ಯವನ್ನೂ ತಿದ್ದಿದ ವಾಕ್ಯವನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ. ಯಾವುದು ಲೇಸೆಂದು ತರಗತಿಯನ್ನೇ ಕೇಳಿರಿ. ಆ ದಿನ ಹಾಗೆ ಮಾಡಿದ್ದರೆ ತರಕಾರಿಯ ತರುಣನಾದರೂ ಲೋಟದ ಪಕ್ಷವನ್ನು ವಹಿಸುತ್ತಿದ್ದನೆಂದು ನನ್ನ ನಂಬಿಕೆ.

ಪ್ರಸಂಗಾಂತರವಾದರೂ ಒಂದು ಮಾತು. ಆಹ್ವಾನಪತ್ರಿಕೆಯಲ್ಲಿ ಮಾರ್ಗದರ್ಶಕರನ್ನು ಸಂಪನ್ಮೂಲ ವ್ಯಕ್ತಿಗಳೆಂದು ಅಚ್ಚುಹಾಕಿಸಿದ್ದಾರೆ. ಮರ, ನೀರು, ಕಲ್ಲಿದ್ದಲುಗಳ ಸಾಲಿನಲ್ಲಿ ಮನುಷ್ಯನನ್ನು ನಿಲ್ಲಿಸುವ ಈ ಶಬ್ದ ಸಾಹಿತ್ಯ ಕಲಿಸುವ ಸ್ಥಳದಲ್ಲಿ ಇರಬಾರದು. ಉಪಾಧ್ಯಾಯರೆನ್ನಲು ನಾಚಿಕೆ ಏಕೆ?

ಹುಣ್ಣಿಮೆಯ ಗೋಷ್ಠಿಯ ವಿಚಾರಕ್ಕೆ ಬರೋಣ. ಕಾವ್ಯವನ್ನು ಕೇಳುವ ಭಾವಕರಲ್ಲಿ ರಾಜಶೇಖರನು ನಾಲ್ಕು ತರದವರನ್ನು ಹೇಳುತ್ತಾನೆ. ಯಾವುದೂ ರುಚಿಸದ ಅರೋಚಕಿ; ಹುಲ್ಲು ಕಾಳುಗಳನ್ನು ಬೇರ್ಪಡಿಸದೆ ಎಲ್ಲವನ್ನೂ ಮೆಲ್ಲುವ ಸತೃಣಾಭ್ಯವಹಾರಿ; ಹೊಟ್ಟೆಕಿಚ್ಚಿನ ಮತ್ಸರಿ; ತತ್ತ್ವವನ್ನೇ ಹುಡುಕುವ ತತ್ತ್ವಾಭಿನಿವೇಶಿ. ನಮ್ಮ ಗೋಷ್ಠಿಯಲ್ಲಿ ಎರಡನೆಯವರದೇ ರಾಜ್ಯ. ಇಪ್ಪತ್ತಾರು ಮಂದಿ ಓದಿದರು; ಇಪ್ಪತ್ತಾರು ಬಾರಿಯೂ ಚಪ್ಪಾಳೆ ಒಂದೇ ಅಳತೆಯದು. ಓದಿ ಇಳಿದವರು ತಮ್ಮ ಭಾವಚಿತ್ರ ಮೊಬೈಲಿನಲ್ಲಿ ಸರಿಯಾಗಿ ಬಂದಿತೇ ಎಂದು ನೋಡುವುದರಲ್ಲಿ ಮಗ್ನರು. ಓದಬೇಕಾದವರು ತಮ್ಮ ಹಾಳೆಯನ್ನು ಹುಡುಕುವುದರಲ್ಲಿ ಮಗ್ನರು. ಕೇಳಿದವರು ಯಾರು? ಕಡೆಯ ಐವರು ಓದುವಾಗ ಸಭೆಯಲ್ಲಿ ಅಧ್ಯಕ್ಷರು, ನಾನು, ಕುರ್ಚಿಗಳ ಬಾಡಿಗೆಯವನು ಮತ್ತು ಆ ಐವರೇ ಉಳಿದಿದ್ದೆವು. ಅತ್ತೆಯವರ ವಿಷಯವನ್ನು ಬರೆದ ಗೃಹಿಣಿ ಆ ದಿನ ತಿದ್ದಿದ ಪಾಠವನ್ನೇ ಓದಿದರು. ಅವರಿಗೂ ಅದೇ ಚಪ್ಪಾಳೆ ದೊರೆಯಿತು.

ಚಪ್ಪಾಳೆ ತಪ್ಪಲ್ಲ, ಮೊದಲ ಬಾರಿ ವೇದಿಕೆಯೇರಿ ಕೈಕಾಲು ನಡುಗುವವರಿಗೆ ಅದು ಔಷಧವೇ. ಅಂಜಿಕೆಯೆಂಬುದು ಹೊಸದೇನೂ ಅಲ್ಲ. ಬರೆದುದನ್ನು ಎದೆಯಲ್ಲಿಯೇ ಮುಚ್ಚಿಡುವವನು ಹೃದಯಕವಿ, ದೋಷದ ಭಯದಿಂದ ತನ್ನದನ್ನು ಬೇರೆಯವರದೆಂದು ಹೇಳಿ ಓದುವವನು ಅನ್ಯಾಪದೇಶಿ ಎಂದು ಕವಿಯ ಹತ್ತು ಅವಸ್ಥೆಗಳಲ್ಲಿ ರಾಜಶೇಖರನು ಈ ಇಬ್ಬರನ್ನೂ ಆದರದಿಂದ ಎಣಿಸಿದ್ದಾನೆ. ಆದರೆ ಕವಿಯ ದಿನಚರಿಯನ್ನು ಹೇಳುವಾಗ ಅವನು ಹಗಲಿನ ಮೊದಲ ಯಾಮವನ್ನು ಅಧ್ಯಯನಕ್ಕೂ, ಎರಡನೆಯದನ್ನು ರಚನೆಗೂ, ಊಟವಾದ ಮೇಲಿನ ಮೂರನೆಯದನ್ನು ಗೋಷ್ಠಿಗೂ ಕೊಟ್ಟು, ನಾಲ್ಕನೆಯದನ್ನು ಬರೆದುದರ ಪರೀಕ್ಷೆಗೆ ಇಟ್ಟಿದ್ದಾನೆ. ಅದೂ ಒಬ್ಬನೇ ಅಥವಾ ಕೆಲವೇ ಮಂದಿಯೊಡನೆ. ರಸಾವೇಶದಲ್ಲಿ ಬರೆಯುವಾಗ ವಿವೇಕದ ಕಣ್ಣು ತೆರೆದಿರುವುದಿಲ್ಲವೆಂದು ಕಾರಣವನ್ನೂ ಹೇಳಿದ್ದಾನೆ. ನಮ್ಮಲ್ಲಿ ಮೂರನೆಯ ಯಾಮ ಮಾತ್ರ ಉಳಿದಿದೆ. ಅಧ್ಯಯನದ ಯಾಮವೂ ಪರೀಕ್ಷೆಯ ಯಾಮವೂ ಹೋಗಿ, ಅವುಗಳ ಸ್ಥಾನದಲ್ಲಿ ಶಾಲು, ಫಲತಾಂಬೂಲ, ವಂದನಾರ್ಪಣೆಗಳು ಬಂದಿವೆ.

ಕೂಟಗಳಿಂದ ಕನ್ನಡಕ್ಕೆ ಆದ ಉಪಕಾರವನ್ನು ಬಲ್ಲವರು ಅವುಗಳನ್ನು ಹಳಿಯಲಾರರು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಪ್ರಬುದ್ಧ ಕರ್ಣಾಟಕ ಹೊರಟಿತು. ಓದುವ ಹುಡುಗರು ಬರೆಯಲು ಕಲಿತರು. 1922ರ ಸುಮಾರಿಗೆ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕೂಡಿತು. ಶಂಬಾ ಜೋಶಿ, ಆನಂದಕಂದ, ಗೋಕಾಕ, ಮುಗಳಿ ಮೊದಲಾದವರು ಅಲ್ಲಿ ಬೆಳೆದರು. ಒಬ್ಬೊಬ್ಬರ ಬರಹವೂ ಒಂದೊಂದು ಬಗೆ! ಗುಂಪಿನಲ್ಲಿದ್ದೂ ಗುಂಪಿನ ಅಚ್ಚು ಅವರ ಮೇಲೆ ಬೀಳಲಿಲ್ಲ. ನೇರವಾದ ಒಂದು ಮಾತಿನ ಬೆಲೆಯನ್ನು ತಿಳಿಯಬೇಕಾದರೆ 1924ರ ಮೈಸೂರಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಪದ್ಯಗಳನ್ನು ಬರೆಯುತ್ತಿದ್ದ ವಿದ್ಯಾರ್ಥಿ ಪುಟ್ಟಪ್ಪನವರು ತಮ್ಮ ರಚನೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸರಿಗೆ ತೋರಿಸಲು, ಅವರು ನಿಮ್ಮ ನುಡಿಯಲ್ಲಿ ಬರೆಯಿರೆಂದು ಹೇಳಿ ಕಳುಹಿಸಿದರು. ತರುಣನಿಗೆ ಆ ಗಳಿಗೆಯಲ್ಲಿ ಅದು ಹಿತವಾಗಿರಲಿಲ್ಲ. ಕಸಿನ್ಸರು ಚಪ್ಪಾಳೆ ತಟ್ಟಿ ಬೆನ್ನು ಸವರಿದ್ದರೆ ಕನ್ನಡಕ್ಕೆ ಏನು ನಷ್ಟವಾಗುತ್ತಿತ್ತೆಂದು ಊಹಿಸಿರಿ.

ಕಮ್ಮಟವೆಂಬ ಹೆಸರು ಮಾತ್ರ ನನ್ನ ಮನಸ್ಸನ್ನು ಆಗಾಗ ಚುಚ್ಚುತ್ತದೆ. ಕಮ್ಮಟವೆಂದರೆ ಹಳೆಗನ್ನಡದಲ್ಲಿ ಟಂಕಸಾಲೆ, ನಾಣ್ಯಗಳನ್ನು ಹೊಡೆಯುವ ಮನೆ. ಅಲ್ಲಿ ಲೋಹ ಶುದ್ಧವೇ ಎಂದು ಪರೀಕ್ಷಿಸಿ ಆಮೇಲೆ ಮುದ್ರೆಯೊತ್ತುತ್ತಾರೆ. ಆ ಅರ್ಥದಲ್ಲಿ ಹೆಸರು ಒಳ್ಳೆಯದೇ. ಆದರೆ ಅಲ್ಲಿಂದ ಹೊರಬರುವ ನಾಣ್ಯಗಳೆಲ್ಲ ಒಂದೇ ಮುಖದವು. ಈ ವರ್ಷದ ಕಮ್ಮಟದ ಕೊನೆಯಲ್ಲಿ ಎಲ್ಲರಿಗೂ ಪ್ರಮಾಣಪತ್ರಗಳನ್ನಿತ್ತರು; ತಲಾ ಇಷ್ಟೆಂದು ಹಣ ಕೂಡಿಸಿ ಸಂಕಲನವನ್ನೂ ಅಚ್ಚುಹಾಕಿಸಿದರು. ಮೂವತ್ತು ಬರಹಗಳಲ್ಲಿ ತುಂಬಲಾರದ ಶೂನ್ಯ ನಾಲ್ಕು ಕಡೆ ಇದೆ. ಆದರೂ ತರಕಾರಿಯ ತರುಣನು ಸಂತೆಯ ಮಳೆಯನ್ನು ಕುರಿತು ಬರೆದ ಷಟ್ಪದಿಗಳು, ಮಾತ್ರೆ ಎರಡು ಕಡೆ ತಪ್ಪಿದರೂ, ಹಣ ಕೊಟ್ಟು ಓದತಕ್ಕವು.

ಮೆಟ್ಟಿಲ ಬಳಿಯ ಮಾತಾದ ಮೂರು ವಾರಗಳ ಮೇಲೆ ಮಾರ್ಗದರ್ಶಕರು ನನ್ನ ಮನೆಗೆ ಬಂದರು. ಬರುವ ತರಗತಿಯಲ್ಲಿ ಮೊದಲ ಒಂದು ಗಂಟೆ ಓದಿಗೇ ಇರಲಿ, ಓದಿಸುವ ಭಾರವನ್ನು ತಾವೇ ಹೊರಬೇಕೆಂದರು. ಕೆಂಪು ಮಸಿಯ ಲೇಖನಿಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆಂಬ ನಿಬಂಧನೆಯನ್ನೂ ನಗುತ್ತಲೇ ಹಾಕಿದರು. ಗೃಹಿಣಿಯವರ ಮೂಲ ಹಾಳೆ ಇನ್ನೂ ಇದೆಯೇ ಎಂದು ನಾನು ಕೇಳಿದೆನು. ವಿಚಾರಿಸಿ ತಿಳಿಸುವೆನೆಂದು ಹೇಳಿ, ಮರುದಿನವೇ ಅದರ ಪ್ರತಿಯನ್ನು ಕಳುಹಿಸಿದರು. ಯಾವ ಗ್ರಂಥದಿಂದ ಓದನ್ನು ಆರಂಭಿಸಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ಕುಮಾರವ್ಯಾಸನನ್ನು ಗಮಕಿಗಳಿಂದ ಹಾಡಿಸೋಣ, ಜನ ಬರುತ್ತಾರೆಂದು ಅವರು ಹೇಳುತ್ತಾರೆ. ಕಥೆ ಬರೆಯುವವರೇ ಹೆಚ್ಚಾಗಿರುವುದರಿಂದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯನ್ನು ಹಿಡಿಯೋಣವೆಂದು ನಾನು ಹೇಳುತ್ತಿದ್ದೇನೆ.